ಗೋಧಿ ಅಡಗಿರುವ ಜಾಗಗಳು: ಸೀಲಿಯಾಕ್ ಇರುವ ಮನೆಯ ಅಡುಗೆ

ಸೀಲಿಯಾಕ್, ಅಂದರೆ ಗೋಧಿ ತಿಂದರೆ ಸಣ್ಣ ಕರುಳು ಕೆಡುವ ಕಾಯಿಲೆ, ಇರಬಹುದು ಅಂತ ಅನುಮಾನ ಬಂದಿದ್ದರೆ, ಟೆಸ್ಟ್ ಮುಗಿಯುವವರೆಗೆ ಚಪಾತಿ ನಿಲ್ಲಿಸಬೇಡಿ. ಎಲ್ಲಕ್ಕಿಂತ ಮೊದಲು ಈ ಮಾತು. ರಕ್ತದಲ್ಲಿ ಟಿಟಿಜಿ ಅಂತ ಒಂದು ಟೆಸ್ಟ್ ಮಾಡುತ್ತಾರೆ. ಅದು ಜಾಸ್ತಿ ಬಂದರೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ಪುಟ್ಟ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಈ ಎರಡೂ ಸರಿಯಾಗಿ ಬರಬೇಕಾದರೆ ಹೊಟ್ಟೆಗೆ ದಿನಾ ಗೋಧಿ ಬೀಳುತ್ತಿರಬೇಕು. "ಬಿಟ್ಟು ನೋಡೋಣ, ಆರಾಮ ಆದರೆ ಅದೇ ಕಾಯಿಲೆ" ಅಂತ ಮೊದಲೇ ಬಿಟ್ಟರೆ ಕರುಳು ಸುಧಾರಿಸಲು ಶುರುವಾಗುತ್ತದೆ, ಟಿಟಿಜಿ ಇಳಿಯುತ್ತದೆ, ಕಾಯಿಲೆ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು. ಆಮೇಲೆ ಖಚಿತ ಮಾಡಿಕೊಳ್ಳಲು ಮತ್ತೆ ವಾರಗಟ್ಟಲೆ ಗೋಧಿ ತಿನ್ನಬೇಕು. ಆರಾಮ ಆದ ಹೊಟ್ಟೆಗೆ ಮತ್ತೆ ಅದನ್ನೇ ಹಾಕುವ ಹಿಂಸೆ ಯಾರಿಗೂ ಬೇಡ.

ನಾನು ಹುಬ್ಬಳ್ಳಿಯವಳು. ಮಗಳಿಗೆ ಈ ಕಾಯಿಲೆ ಇದೆ ಅಂತ ಗೊತ್ತಾದಾಗ ಅವಳು ಎರಡನೇ ಕ್ಲಾಸಿನಲ್ಲಿದ್ದಳು. ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಭೇದಿ ಅಂತ ದೊಡ್ಡ ತೊಂದರೆ ಅವಳಿಗೆ ಇರಲಿಲ್ಲ. ಎತ್ತರ ಬೆಳೆಯುತ್ತಿರಲಿಲ್ಲ. ಕಬ್ಬಿಣಾಂಶದ ಟಾನಿಕ್ ಎಷ್ಟು ಕುಡಿಸಿದರೂ ಹಿಮೋಗ್ಲೋಬಿನ್ ಏರುತ್ತಿರಲಿಲ್ಲ. ಸಂಜೆ ಹೊತ್ತಿಗೆ ಹೊಟ್ಟೆ ಉಬ್ಬಿ ಬಿಗಿಯಾಗುತ್ತಿತ್ತು, ಬಾಯಲ್ಲಿ ಮತ್ತೆ ಮತ್ತೆ ಹುಣ್ಣು. ಜಂತುಹುಳದ ಔಷಧಿ ಕೊಟ್ಟಿದ್ದೇ ಕೊಟ್ಟಿದ್ದು. ಕೊನೆಗೆ ಒಬ್ಬ ಮಕ್ಕಳ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಹಳೆಯ ರಿಪೋರ್ಟುಗಳನ್ನೆಲ್ಲ ಟೇಬಲ್ ಮೇಲೆ ಸಾಲಾಗಿ ಇಟ್ಟು, ಟಿಟಿಜಿ ಬರೆದುಕೊಟ್ಟರು. ಉತ್ತರ ಭಾರತದಲ್ಲಿ ಈ ಕಾಯಿಲೆ ಜಾಸ್ತಿ, ನಮ್ಮ ಕಡೆ ಕಡಿಮೆ. ಅದಕ್ಕೇ ಇಲ್ಲಿ ಯಾರಿಗೂ ಬೇಗ ಹೊಳೆಯುವುದಿಲ್ಲ.

ಆಗುವುದು ಇಷ್ಟು. ಸಣ್ಣ ಕರುಳಿನ ಒಳಗೋಡೆಯ ಮೇಲೆ ಟರ್ಕಿ ಟವೆಲಿನ ದಾರದ ಹಾಗೆ ಎದ್ದು ನಿಂತ ಸಣ್ಣ ಸಣ್ಣ ಎಳೆಗಳಿರುತ್ತವೆ. ತಿಂದದ್ದು ರಕ್ತಕ್ಕೆ ಸೇರುವುದು ಅವುಗಳ ಮೂಲಕ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಒಳಗೆ ಹೋದಾಗ, ಸೀಲಿಯಾಕ್ ಇರುವವರ ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಎಳೆಗಳು ಚಪ್ಪಟೆಯಾಗುತ್ತವೆ. ಕಬ್ಬಿಣಾಂಶ, ಕ್ಯಾಲ್ಸಿಯಂ, ಫೋಲಿಕ್ ಆಸಿಡ್, ವಿಟಮಿನ್ ಡಿ ಯಾವುದೂ ಸರಿಯಾಗಿ ಹೀರುವುದಿಲ್ಲ. ಇದು ಅಲರ್ಜಿಯಲ್ಲ, ದೊಡ್ಡವರಾದ ಮೇಲೆ ಬಿಟ್ಟುಹೋಗುವುದೂ ಇಲ್ಲ.

ಇದಕ್ಕೆ ಗುಳಿಗೆ ಇಲ್ಲ, ಊಟವೇ ಔಷಧಿ. ನೆದರ್‌ಲ್ಯಾಂಡ್ಸ್‌ನ ವಿಲ್ಲೆಮ್ ಡಿಕೆ ಅನ್ನುವ ಮಕ್ಕಳ ಡಾಕ್ಟರು ಗೋಧಿಯೇ ಕಾರಣ ಅಂತ ತೋರಿಸಿಕೊಟ್ಟವರು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಅಲ್ಲಿ ಬ್ರೆಡ್ಡಿಗೇ ಬರ ಬಂದಿತ್ತು. ಊರಿಗೆ ಊರೇ ಹಸಿದಿದ್ದಾಗಲೂ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು. ಬ್ರೆಡ್ ಮತ್ತೆ ಬಂದಾಗ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಅವರು ತಮ್ಮ ಪ್ರಬಂಧ ಮಂಡಿಸಿದರು. ಅಂದಿನಿಂದ ಇಂದಿನವರೆಗೆ ಚಿಕಿತ್ಸೆ ಒಂದೇ: ಗ್ಲುಟೆನ್ ಪೂರ್ತಿ ಬಿಡುವುದು, ಜೀವನಪೂರ್ತಿ ಬಿಡುವುದು.

ನಮ್ಮ ಅಡುಗೆಯಲ್ಲಿ ಗೋಧಿ ಬಿಡುವುದು ಅಂಥ ಕಷ್ಟವಲ್ಲ. ಅದು ಎಲ್ಲೆಲ್ಲಿ ಅಡಗಿದೆ ಅಂತ ಹುಡುಕುವುದು ಕಷ್ಟ. ಅನ್ನ, ಮುದ್ದೆ, ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಅಕ್ಕಿ ರೊಟ್ಟಿ, ಇಡ್ಲಿ, ದೋಸೆ, ಅವಲಕ್ಕಿ, ಮಂಡಕ್ಕಿ, ಸಬ್ಬಕ್ಕಿ, ನವಣೆ, ಸಾಮೆ, ಊದಲು, ಮೆಕ್ಕೆಜೋಳ, ಎಲ್ಲ ಬೇಳೆ ಕಾಳು, ತರಕಾರಿ, ಹಾಲು ಮೊಸರು, ಮೊಟ್ಟೆ, ಮೀನು, ಮಾಂಸ: ಯಾವುದರಲ್ಲೂ ಗ್ಲುಟೆನ್ ಇಲ್ಲ. ಮೂರು ಹೊತ್ತೂ ಚಪಾತಿ ಪರೋಟ ತಿನ್ನುವ ಊರಿನ ತಾಯಂದಿರಿಗಿಂತ ನಮಗೆ ಸಲೀಸು. ಹೀಗಾಗಿ ಏನು ತಿನ್ನಿಸಲಿ ಅಂತ ಅಳುವ ಅಗತ್ಯವಿಲ್ಲ. ಆದರೆ ಎಚ್ಚರ ಎಷ್ಟು ಬೇಕು ಅನ್ನುವುದು ತಿಳಿದಿರಲಿ. ದಿನಕ್ಕೆ 10 ಮಿಲಿಗ್ರಾಂ ಗ್ಲುಟೆನ್ ಒಳಗಿದ್ದರೆ ಸಾಮಾನ್ಯವಾಗಿ ಕರುಳಿಗೆ ಪೆಟ್ಟಾಗುವುದಿಲ್ಲ ಅಂತ ಲೆಕ್ಕ. ಒಂದು ಚಪಾತಿಯನ್ನು ನೂರು ಚೂರು ಮಾಡಿದರೆ, ಅದರಲ್ಲಿ ಒಂದು ಚೂರೇ ಆ ಮಿತಿ ದಾಟುತ್ತದೆ. "ಸ್ವಲ್ಪ ತಿಂದರೆ ಏನಾಗಲ್ಲ, ತಿನ್ನಲಿ ಬಿಡವ್ವ" ಅನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ.

ರವೆ, ಮೈದಾ, ಶಾವಿಗೆ, ಸದಕ

ಮೈದಾ ಗೋಧಿಯದ್ದು ಅಂತ ಎಲ್ಲರಿಗೂ ಗೊತ್ತು. ರವೆ ಗೋಧಿಯದ್ದು ಅಂತ ಎಷ್ಟೋ ಜನರಿಗೆ ತಕ್ಷಣ ನೆನಪಾಗುವುದಿಲ್ಲ. ಬಾಂಬೆ ರವೆ, ಬನ್ಸಿ ರವೆ, ಚಿರೋಟಿ ರವೆ ಮೂರೂ ಗೋಧಿಯೇ. ಹಾಗಾಗಿ ಉಪ್ಪಿಟ್ಟು, ಕೇಸರಿಬಾತ್, ರವೆ ಇಡ್ಲಿ, ರವೆ ದೋಸೆ, ರವೆ ಉಂಡಿ ಎಲ್ಲ ಹೋಯಿತು. ಇಡ್ಲಿ ರವೆ ಮಾತ್ರ ಅಕ್ಕಿಯದ್ದು, ಅದು ಆಗುತ್ತದೆ. ಉಪ್ಪಿಟ್ಟಿಗೆ ನಾವು ಅಕ್ಕಿ ತರಿ ಅಥವಾ ಜೋಳದ ರವೆ ಬಳಸುತ್ತೇವೆ. ನೀರು ಸ್ವಲ್ಪ ಜಾಸ್ತಿ ಇಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಹುಡುಗರು ವ್ಯತ್ಯಾಸ ಕೇಳುವುದಿಲ್ಲ. ಶಾವಿಗೆಯಲ್ಲಿ ಅಕ್ಕಿಯದ್ದೂ ಇದೆ, ಗೋಧಿಯದ್ದೂ ಇದೆ. ಪಾಯಸದ ಪ್ಯಾಕೆಟ್ ಶಾವಿಗೆ ಬಹುತೇಕ ಗೋಧಿಯದ್ದೇ.

ನಮ್ಮ ಭಾಗದಲ್ಲಿ ಇನ್ನೊಂದು ಮಾತು ಬಹಳ ಓಡಾಡುತ್ತದೆ. ಸದಕ, ಜವೆ ಗೋಧಿ, ಕಪ್ಲಿ ಅಂತ ಕರೆಯುವ ಹಳೆಯ ಗೋಧಿ ಇದೆಯಲ್ಲ, ಹುಗ್ಗಿ ಮಾಡುವುದು, ಅದು ಹೊಟ್ಟೆಗೆ ಒಳ್ಳೆಯದು, ಅದನ್ನು ಕೊಡಿ ಅನ್ನುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಅದನ್ನು ಹೇಳುವುದು ಬೇರೆ ವಿಷಯ. ಅದೂ ಗೋಧಿಯ ಜಾತಿಯೇ, ಅದರಲ್ಲೂ ಗ್ಲುಟೆನ್ ಇದೆ. ನಾಟಿ ಬೀಜ, ಸಾವಯವ, ಕೈಯಲ್ಲಿ ಬೀಸಿದ್ದು ಯಾವುದೂ ಸೀಲಿಯಾಕ್ ಇರುವವರಿಗೆ ಆಗುವುದಿಲ್ಲ. ಓಟ್ಸ್ ಕೂಡ ಶುರುವಿನಲ್ಲಿ ಬೇಡ. ಓಟ್ಸಿನದ್ದು ಬೇರೆಯೇ ಧಾನ್ಯವಾದರೂ ಗೋಧಿ ಜೊತೆ ಬೆರೆತೇ ಬರುತ್ತದೆ, ಮತ್ತೆ ಕೆಲವರಿಗೆ ಶುದ್ಧ ಓಟ್ಸೂ ಒಗ್ಗುವುದಿಲ್ಲ. ಡಾಕ್ಟರನ್ನು ಕೇಳಿ ಆಮೇಲೆ ನೋಡಿದರಾಯಿತು.

ಇಂಗು

ಈಗ ಅಡುಗೆಮನೆಯ ಒಗ್ಗರಣೆ ಡಬ್ಬಿ ತೆಗೆಯಿರಿ. ಇಂಗಿನ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಓದಿ. ಶುದ್ಧ ಇಂಗು ತುಂಬ ಖಾರ, ಹಾಗೇ ಮಾರುವುದು ಕಡಿಮೆ. ಅಂಟು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಎಷ್ಟೋ ಬ್ರಾಂಡುಗಳಲ್ಲಿ ಗೋಧಿಯದ್ದು ಅಥವಾ ಮೈದಾ. ಸಾರು, ಹುಳಿ, ಚಟ್ನಿ, ಮೊಸರನ್ನ, ಉಪ್ಪಿನಕಾಯಿ, ಹಪ್ಪಳ, ಪುಳಿಯೋಗರೆ ಗೊಜ್ಜು, ಸಾಂಬಾರ್ ಪುಡಿ ಎಲ್ಲದಕ್ಕೂ ಅದು ಬೀಳುತ್ತದೆ. ಚಪಾತಿ ಪೂರ್ತಿ ನಿಲ್ಲಿಸಿದ ಮೇಲೂ ಟಿಟಿಜಿ ಇಳಿಯದಿದ್ದರೆ ಮೊದಲು ನೋಡಬೇಕಾದ ಜಾಗ ಇದೇ.

ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ. ಗ್ಲುಟೆನ್-ಫ್ರೀ ಅಂತ ಬರೆದಿರುವುದನ್ನೇ ತನ್ನಿ. ಸಿಗದಿದ್ದರೆ ಬಿಟ್ಟುಬಿಡಿ. ನಮ್ಮತ್ತೆ ಇಂಗಿಲ್ಲದ ಸಾರು ಸಾರೇ ಅಲ್ಲ ಅನ್ನುವವರು. ಮೊಮ್ಮಗಳಿಗಾಗಿ ಅವರೇ ಬೆಳ್ಳುಳ್ಳಿ ಒಗ್ಗರಣೆಗೆ ಬಂದರು, ಬೆಳ್ಳುಳ್ಳಿ ಬೇಡದ ದಿನ ಜೀರಿಗೆ ಕರಿಬೇವು. ಸಾಂಬಾರ್ ಪುಡಿ, ಸಾರಿನ ಪುಡಿ ಮನೆಯಲ್ಲೇ ಮಾಡಿಕೊಂಡರೆ ದೊಡ್ಡ ತಲೆನೋವು ತಪ್ಪುತ್ತದೆ.

ಗಿರಣಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಜೋಳ ತಿನ್ನುವವರಿಗೆ ಗಂಡಾಂತರ ಇರುವುದೇ ಇಲ್ಲಿ.

ಗಿರಣಿಗೆ ಹೋದಾಗ ಸುಮ್ನೆ ನಿಂತು ನೋಡಿ. ನಿಮಗಿಂತ ಮುಂದಿನವರದ್ದು ಗೋಧಿ. ಅವರ ಡಬ್ಬಿ ತುಂಬಿದ ಮೇಲೆ ಅದೇ ಕಲ್ಲಿಗೆ ನಿಮ್ಮ ಜೋಳ ಸುರಿಯುತ್ತಾರೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಇದ್ದ ಗೋಧಿ ಹಿಟ್ಟೆಲ್ಲ ನಿಮ್ಮ ಡಬ್ಬಿಗೇ ಬರುತ್ತದೆ. ಜೋಳಕ್ಕೇ ಬೇರೆ ಕಲ್ಲು ಇರುವ ಗಿರಣಿಗಳೂ ಇವೆ, ಆದರೆ ಗಾಳಿಯಲ್ಲಿ ಹಾರುವ ಹಿಟ್ಟು ಎಲ್ಲರಿಗೂ ಒಂದೇ. ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋದರೂ ಹಿಂದಿನ ದಿನದ ಕೊನೆಯ ಗೋಧಿ ಒಳಗೆ ಕೂತಿರುತ್ತದೆ. ಅಂಗಡಿಯ ಬಿಡಿ ರಾಗಿ ಹಿಟ್ಟು, ಅಕ್ಕಿ ಹಿಟ್ಟು, ಕಡಲೆ ಹಿಟ್ಟಿನದ್ದೂ ಇದೇ ಕಥೆ.

ನಾವು ಮನೆಯಲ್ಲೇ ಬೀಸುವ ಸಣ್ಣ ಗಿರಣಿ ತಂದೆವು. ಒಮ್ಮೆಗೆ ದುಡ್ಡು ಹೋಗುತ್ತದೆ, ನಿಜ. ಸೀಲಿಯಾಕ್ ಇರುವ ಮನೆಗೆ ಹೊಸ ಫ್ರಿಜ್ಜಿಗಿಂತ ಅದು ಮುಖ್ಯ ಅನ್ನುತ್ತೇನೆ ನಾನು. ಅದರಲ್ಲಿ ಒಂದು ಸಲವೂ ಗೋಧಿ ಹಾಕಬೇಡಿ, ಪಕ್ಕದ ಮನೆಯವರು ಕೇಳಿದರೂ. ತರಲು ಆಗದವರು ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ ಮಿಕ್ಸಿಯಲ್ಲಿ ಮಾಡಿಕೊಳ್ಳಬಹುದು. ಕಡಲೆಬೇಳೆಯೂ ಮಿಕ್ಸಿಯಲ್ಲಿ ಆಗುತ್ತದೆ, ಎರಡು ಸಲ ಸಾಣಿಸಬೇಕು ಅಷ್ಟೇ. ರೊಟ್ಟಿಗೆ ಬೇಕಾದ ನುಣುಪು ಜೋಳಕ್ಕೆ ಮಿಕ್ಸಿಯಲ್ಲಿ ಬರುವುದು ಕಷ್ಟ. ಆಗ ಗ್ಲುಟೆನ್-ಫ್ರೀ ಅಂತ ಬರೆದ ಪ್ಯಾಕೆಟ್ ಹಿಟ್ಟೇ ಗತಿ.

ಬೀಸುವ ಮೊದಲು ಕಾಳು ಆರಿಸಬೇಕು. ಬಿಳಿಜೋಳ, ಗೋಧಿ ಎರಡೂ ನಮ್ಮಲ್ಲಿ ಹಿಂಗಾರಿ ಬೆಳೆ. ಅಕ್ಕಪಕ್ಕದ ಹೊಲ, ಅದೇ ರಾಶಿ ಯಂತ್ರ, ಅದೇ ಚೀಲ, ಅಂಗಡಿಯಲ್ಲಿ ಅದೇ ಅಳತೆಯ ಸೇರು. ನಾನು ಸ್ಟೀಲ್ ಪರಾತದಲ್ಲಿ ಜೋಳವನ್ನು ಒಂದೇ ಪದರ ಹರಡುತ್ತೇನೆ, ಕಿಟಕಿ ಬೆಳಕಿಗೆ. ಜೋಳ ದುಂಡಗೆ, ಮುತ್ತಿನ ಬಣ್ಣ. ಅದರ ನಡುವೆ ಗೋಧಿ ಕಾಳು ಉದ್ದಕ್ಕೆ, ಕಂದು ಬಣ್ಣದಲ್ಲಿ, ಬೆನ್ನ ಮೇಲೆ ಒಂದು ಗೀರು ಎಳೆದುಕೊಂಡು ಮಲಗಿರುತ್ತದೆ. ಮೊದಲ ಸಲ ಕಣ್ಣಿಗೆ ಬೀಳುವುದಿಲ್ಲ. ಪರಾತವನ್ನು ಸ್ವಲ್ಪ ಅಲುಗಿಸಿದರೆ ದುಂಡನೆಯ ಜೋಳ ಉರುಳುತ್ತದೆ, ಗೋಧಿ ಇದ್ದಲ್ಲೇ ಜಾರುತ್ತದೆ. ಆಗ ಬೆರಳಿಗೆ ಸಿಗುತ್ತದೆ. ಆರಿಸಿ, ತೊಳೆದು, ಒಣಗಿಸಿ, ಆಮೇಲೆ ಬೀಸುವುದು. ರಾಗಿಯಲ್ಲಿ ಸುಲಭ, ಜರಡಿ ಹಿಡಿದರೆ ದೊಡ್ಡ ಕಾಳೆಲ್ಲ ಮೇಲೆ ಉಳಿಯುತ್ತದೆ. ಬೇಳೆಗಳಲ್ಲೂ, ಮುಖ್ಯವಾಗಿ ಮಸೂರ ಬೇಳೆಯಲ್ಲಿ, ಒಂದೆರಡು ಗೋಧಿ ಕಾಳು ಸಿಗುವುದುಂಟು.

ರೊಟ್ಟಿ ಹರಿಯುತ್ತದೆ ಅಂತ ಕೇಳುವವರಿಗೆ: ಗೋಧಿ ಹಿಟ್ಟನ್ನು ಹಿಗ್ಗಿಸಿ ಹಿಡಿಯುವುದೇ ಗ್ಲುಟೆನ್. ಜೋಳದಲ್ಲಿ ಅದಿಲ್ಲ. ಅದಕ್ಕೇ ಎಸರು ನೀರು ಬೇಕು. ಕುದಿಯುವ ನೀರು ಬಿದ್ದಾಗ ಹಿಟ್ಟು ಅರ್ಧ ಬೆಂದು ಅಂಟು ಬರುತ್ತದೆ. ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಹುಯ್ದು, ಚಮಚದಿಂದ ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈಯಿಂದ ಒತ್ತಿ ನಾದಿ. ಒಂದು ರೊಟ್ಟಿಗೆ ಬೇಕಾದಷ್ಟನ್ನೇ ಒಮ್ಮೆ ನಾದಿ. ಹಳೆ ಹಿಟ್ಟಿಗೆ ಜಿಗಿ ಇರುವುದಿಲ್ಲ, ಹದಿನೈದು ದಿನಕ್ಕೆ ಆಗುವಷ್ಟೇ ಬೀಸಿಕೊಳ್ಳಿ. ಜಿಗಿ ಬರಲಿ ಅಂತ ಕೆಲವರು ಒಂದು ಹಿಡಿ ಗೋಧಿ ಹಿಟ್ಟು ಸೇರಿಸುತ್ತಾರೆ. ಹೊರಗಿನಿಂದ ಖಡಕ್ ರೊಟ್ಟಿ ತರುವವರು ಇದನ್ನು ಬಾಯಿಬಿಟ್ಟು ಕೇಳಲೇಬೇಕು.

ಒಂದೇ ಅಡುಗೆಮನೆ, ಎರಡು ಊಟ

ಮನೆಯಲ್ಲಿ ಉಳಿದವರು ಗೋಧಿ ತಿನ್ನುವುದಾದರೆ ಇವಿಷ್ಟು ಬೇರೆ ಇರಲಿ: ಲಟ್ಟಣಿಗೆ, ಮಣೆ, ಕಬ್ಬಿಣದ ಹಂಚು, ಜರಡಿ, ಹಿಟ್ಟಿನ ಡಬ್ಬಿ, ರೊಟ್ಟಿ ಸುತ್ತುವ ಬಟ್ಟೆ, ಮರದ ಸೌಟು. ಮರ ಮತ್ತು ಬಟ್ಟೆಯಿಂದ ಹಿಟ್ಟು ಪೂರ್ತಿ ಹೋಗುವುದಿಲ್ಲ. ಸ್ಟೀಲ್ ತಟ್ಟೆ, ಪಾತ್ರೆ, ಕುಕ್ಕರ್ ಸೋಪು ಹಚ್ಚಿ ಚೆನ್ನಾಗಿ ತೊಳೆದರೆ ಸಾಕು, ಹೊಸದು ಕೊಳ್ಳಬೇಡಿ. ಪೂರಿ ಕರಿದ ಎಣ್ಣೆಯಲ್ಲಿ ಮಗಳಿಗೆ ಹಪ್ಪಳ ಕರಿಯಬೇಡಿ. ಮೊದಲು ಇವಳ ಅಡುಗೆ, ಆಮೇಲೆ ಚಪಾತಿ, ಅದೇ ಕ್ರಮ. ಚಪಾತಿ ಮುರಿದ ಕೈಯಲ್ಲಿ ಉಪ್ಪಿನಕಾಯಿ ಜಾಡಿಗೆ, ಬೆಣ್ಣೆ ಡಬ್ಬಿಗೆ ಚಮಚ ಹಾಕುವುದು ನಮ್ಮೆಲ್ಲರ ರೂಢಿ. ಅದಕ್ಕೆ ಇವಳ ಬೆಣ್ಣೆ, ಇವಳ ಚಟ್ನಿ ಪುಡಿ ಬೇರೆ ಡಬ್ಬಿಯಲ್ಲಿ, ಮೇಲೆ ಹಸಿರು ಟೇಪು.

ನಾವು ಒಂದಷ್ಟು ಕಾಲ ಹೀಗೆ ನಡೆಸಿದೆವು. ಆಮೇಲೆ ಮನೆಯಲ್ಲಿ ಗೋಧಿ ತರುವುದನ್ನೇ ನಿಲ್ಲಿಸಿದೆವು. ಅದಕ್ಕೆ ಕಾರಣವಿದೆ. ಈ ಕಾಯಿಲೆ ರಕ್ತಸಂಬಂಧದಲ್ಲಿ ಬರುತ್ತದೆ. ಒಬ್ಬರಿಗೆ ಇದ್ದರೆ ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ ಇವರಲ್ಲಿ ಹತ್ತರಲ್ಲಿ ಸುಮಾರು ಒಬ್ಬರಿಗೆ ಇರುವ ಸಂಭವ ಇದೆ, ಏನೂ ತೊಂದರೆ ಕಾಣದಿದ್ದರೂ. ನಮ್ಮೆಲ್ಲರಿಗೂ ಟಿಟಿಜಿ ಮಾಡಿಸಿದೆವು. ನನಗೂ ಮಗನಿಗೂ ಬರಲಿಲ್ಲ, ನಮ್ಮ ಮನೆಯವರಿಗೆ ಬಂತು. ಅವರಿಗೆ ಕಾಲೇಜು ದಿನಗಳಿಂದ ರಕ್ತಹೀನತೆ ಇತ್ತು, ಅದು ಮೈಗುಣ ಅಂತ ಎಲ್ಲರೂ ತಿಳಿದಿದ್ದರು. ನಿಮ್ಮ ಮನೆಯಲ್ಲೂ ದಯವಿಟ್ಟು ಎಲ್ಲರಿಗೂ ಮಾಡಿಸಿ.

ಪ್ಯಾಕೆಟ್ ಓದುವುದು

ಭಾರತದಲ್ಲಿ ಪ್ಯಾಕೆಟ್ ಮೇಲೆ ಗ್ಲುಟೆನ್-ಫ್ರೀ ಅಂತ ಹಾಕಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ಇದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ. ಪದಾರ್ಥಗಳ ಪಟ್ಟಿಯ ಕೆಳಗೆ ಗೋಧಿ ಇದೆ ಅಥವಾ ಇರಬಹುದು ಅನ್ನುವ ಅಲರ್ಜಿ ಸಾಲೂ ಇರುತ್ತದೆ, ಅದನ್ನು ಬಿಡಬೇಡಿ. ರಾಗಿ ಬಿಸ್ಕತ್ತು, ಸಿರಿಧಾನ್ಯದ ಕುಕ್ಕೀಸು, ಮಲ್ಟಿಗ್ರೇನ್ ಹಿಟ್ಟು: ಮುಂದೆ ರಾಗಿ ತೆನೆಯ ಚಿತ್ರ, ಹಿಂದೆ ತಿರುಗಿಸಿದರೆ ಬಹಳ ಸಲ ಮೊದಲ ಹೆಸರೇ ಗೋಧಿ ಹಿಟ್ಟು. ಮಗಳಿಗೆ ಓದು ಚೆನ್ನಾಗಿ ಬಂದ ದಿನದಿಂದ ಅಂಗಡಿಯಲ್ಲಿ ಅವಳೇ ಪ್ಯಾಕೆಟ್ ತಿರುಗಿಸಿ ಓದುವಂತೆ ಮಾಡಿದೆ. ಬೇಕಾದ ತಿಂಡಿಯನ್ನು ಅವಳೇ ಓದಿ, ಅವಳೇ ಮತ್ತೆ ಕಪಾಟಿನಲ್ಲಿ ಇಟ್ಟಿದ್ದನ್ನು ನೋಡುವಾಗ ಕರುಳು ಚುರ್ ಅನ್ನುತ್ತಿತ್ತು. ಆದರೆ ಆ ಅಭ್ಯಾಸವೇ ಇವತ್ತು ಅವಳನ್ನು ಕಾಯುತ್ತಿದೆ.

ಮಾಲ್ಟ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ಬಾರ್ಲಿ. ಹಾರ್ಲಿಕ್ಸ್‌ನಲ್ಲಿ ಬಾರ್ಲಿ, ಗೋಧಿ ಎರಡೂ ಇವೆ. ಮನೆಯಲ್ಲಿ ಮೊಳಕೆ ಕಟ್ಟಿ ಹುರಿದು ಮಾಡಿದ ರಾಗಿ ಮಾಲ್ಟ್ ಮಾತ್ರ ಆಗುತ್ತದೆ. ಸೋಯಾ ಸಾಸ್ ಸಾಮಾನ್ಯವಾಗಿ ಗೋಧಿ ಹಾಕಿ ಹುದುಗಿಸಿದ್ದು. ಚೂರ್ಣ, ಲೇಹ್ಯ ತೆಗೆದುಕೊಳ್ಳುವವರು ಅದರಲ್ಲಿ ಗೋಧಿ ಅಥವಾ ಬಾರ್ಲಿ ಇದೆಯಾ ಅಂತ ವೈದ್ಯರನ್ನು ಕೇಳಿ. ಗುಳಿಗೆಗಳಲ್ಲೂ ಅಪರೂಪಕ್ಕೆ ಗೋಧಿ ಪಿಷ್ಟ ಇರಬಹುದು, ಔಷಧಿ ಅಂಗಡಿಯಲ್ಲಿ ಕೇಳಿದರೆ ತಪ್ಪಿಲ್ಲ.

ಹೊರಗೆ ತಿನ್ನುವಾಗ

ಖಾನಾವಳಿಯಲ್ಲಿ ಜೋಳದ ರೊಟ್ಟಿ ಇದೆಯಲ್ಲ ಅಂತ ಧೈರ್ಯವಾಗಿ ಕೂರಬೇಡಿ. ಒಳಗೆ ಇಣುಕಿ ನೋಡಿ. ಎಷ್ಟೋ ಕಡೆ ಒಂದೇ ಕಟ್ಟೆಯ ಮೇಲೆ ಒಬ್ಬರು ರೊಟ್ಟಿ ಬಡಿಯುತ್ತಿರುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಚಪಾತಿ ಲಟ್ಟಿಸುತ್ತಿರುತ್ತಾರೆ, ಉದುರಿಸುವ ಹಿಟ್ಟಿನ ತಟ್ಟೆ ಇಬ್ಬರಿಗೂ ಒಂದೇ. ರೊಟ್ಟಿಯೊಂದೇ ಮಾಡುವ ಮನೆಗಳಿವೆ, ಅಂಥದ್ದನ್ನು ಹುಡುಕಿಕೊಂಡು ಅಲ್ಲಿಗೇ ಹೋಗಿ. ನಾಲ್ಕು ಸಲ ಹೋದರೆ ಅಕ್ಕ, ವೈನಿ ಅಂತ ಪರಿಚಯ ಆಗುತ್ತದೆ, ಅವರೇ ಹಂಚು ತೊಳೆದು ಮಾಡಿಕೊಡುತ್ತಾರೆ.

ದರ್ಶಿನಿಗಳಲ್ಲಿ ಬೇಯಿಸಿದ ಇಡ್ಲಿ ಎಲ್ಲಕ್ಕಿಂತ ವಾಸಿ, ತೆಂಗಿನಕಾಯಿ ಚಟ್ನಿಗೆ ಒಗ್ಗರಣೆ ಬೇಡ ಅನ್ನಿ. ಸಾಂಬಾರಿನಲ್ಲಿ ಇಂಗು, ಅದು ಬೇಡ. ರವೆ ದೋಸೆ ಹುಯ್ಯುವ ಕಾವಲಿಯಲ್ಲೇ ಮಸಾಲೆ ದೋಸೆ ಹುಯ್ಯುತ್ತಾರೆ. ವಡೆ ಗರಿಯಾಗಲಿ ಅಂತ ಕೆಲವರು ರವೆ ಬೆರೆಸುತ್ತಾರೆ. ಮದ್ದೂರು ವಡೆ, ಕೋಡುಬಳೆಗೆ ರವೆ ಮೈದಾ ಹಾಕುವುದು ಗೊತ್ತಿದ್ದದ್ದೇ. ದಾವಣಗೆರೆ ಬೆಣ್ಣೆ ದೋಸೆಯ ಅಂಗಡಿಯಲ್ಲಿ ಆ ದೋಸೆಯೊಂದೇ ಇದ್ದರೆ ಕೇಳಿ ತಿನ್ನಬಹುದು. ಗಿರ್ಮಿಟ್ಟು ಮಂಡಕ್ಕಿಯದ್ದು, ಮೇಲೆ ಉದುರಿಸುವ ಸೇವು ಬೇಡ ಅಂದರೆ ನಾವು ತಿನ್ನುತ್ತೇವೆ. ಜೊತೆಗಿನ ಮಿರ್ಚಿ ಬಜ್ಜಿ ಬಿಟ್ಟುಬಿಡಿ, ಹಿಟ್ಟಿನ ಮೇಲೂ ಎಣ್ಣೆಯ ಮೇಲೂ ನಂಬಿಕೆ ಇಲ್ಲ. ಗೋಬಿ ಮಂಚೂರಿಯಲ್ಲಿ ಮೈದಾ, ಸೋಯಾ ಸಾಸ್ ಎರಡೂ. ಮಕ್ಕಳಿಗೆ ಅದರ ಆಸೆ ಜಾಸ್ತಿ, ಅಲ್ವಾ? ಮನೆಯಲ್ಲಿ ಅಕ್ಕಿ ಹಿಟ್ಟು, ಕಾರ್ನ್‌ಫ್ಲೋರ್ ಕಲಸಿ ಕರಿದು, ಟೊಮ್ಯಾಟೊ, ಬೆಳ್ಳುಳ್ಳಿ, ಹಸಿಮೆಣಸು, ಸ್ವಲ್ಪ ಬೆಲ್ಲ ಹುಣಸೆಯಲ್ಲಿ ಹೊರಳಿಸಿ ಕೊಡಿ. ನಮ್ಮ ಮನೆಗೆ ಅವಳ ಗೆಳತಿಯರು ಅದಕ್ಕೆಂದೇ ಬರುತ್ತಿದ್ದರು.

ಹಬ್ಬ, ಮದುವೆ, ಪ್ರಸಾದ

ಯುಗಾದಿ ಹೋಳಿಗೆಯ ಹೂರಣದಲ್ಲಿ ತೊಂದರೆ ಇಲ್ಲ, ಕಣಕದಲ್ಲಿ ಇದೆ. ಅದೇ ಹೂರಣವನ್ನು ಅಕ್ಕಿ ಹಿಟ್ಟಿನ ಕಡುಬಿನೊಳಗೆ ತುಂಬಿ ಹಬೆಯಲ್ಲಿ ಬೇಯಿಸಿ, ತುಪ್ಪ ಹಾಕಿ ಕೊಡಿ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇದ್ದೇ ಇದೆ. ನಾಗರಪಂಚಮಿ ಇವಳ ಪಾಲಿನ ದೊಡ್ಡ ಹಬ್ಬ: ಎಳ್ಳುಂಡಿ, ಶೇಂಗಾ ಉಂಡಿ, ಜೋಳದ ಅಳ್ಳು ಎಲ್ಲ ನಡೆಯುತ್ತದೆ. ತಂಬಿಟ್ಟಿಗೆ ಕೆಲವರು ಗೋಧಿ ಹುರಿದು ಹಾಕುತ್ತಾರೆ, ಕೇಳಿಕೊಳ್ಳಿ.

ಪ್ರಸಾದ ಬೇಡ ಅನ್ನುವುದು ಬಾಯಿಗೆ ಬರುವುದಿಲ್ಲ. ಸತ್ಯನಾರಾಯಣ ಪೂಜೆಯ ಪ್ರಸಾದ ರವೆಯದ್ದು. ನಮ್ಮ ಮನೆ ಪೂಜೆಗೆ ಬರುವ ಆಚಾರ್ಯರನ್ನು ಕೇಳಿದೆ. ವ್ರತಕಥೆಯಲ್ಲೇ ಗೋಧಿ ಹಿಟ್ಟು ಸಿಗದಿದ್ದರೆ ಅಕ್ಕಿ ಹಿಟ್ಟಾದರೂ ಆದೀತು ಅಂತ ಹೇಳಿದೆ ಅಂದರು. ಅಂದಿನಿಂದ ನಮ್ಮಲ್ಲಿ ಅಕ್ಕಿ ತರಿಯ ಪ್ರಸಾದವೇ. ಬೇರೆಯವರ ಮನೆಯಲ್ಲಿ ಮಗಳು ಪ್ರಸಾದ ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಡುತ್ತಾಳೆ, ಬಾಳೆಹಣ್ಣು, ಕಲ್ಲುಸಕ್ಕರೆ ತಾನು ತಿನ್ನುತ್ತಾಳೆ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಮದುವೆ ಊಟಕ್ಕೆ ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗುತ್ತೇವೆ, ಎಲೆಯ ಮೇಲೆ ಅನ್ನ, ಮೊಸರು, ಹಣ್ಣು ಹಾಕಿಸಿಕೊಂಡು ಡಬ್ಬಿಯ ಪಲ್ಯ ಬಡಿಸಿಕೊಳ್ಳುತ್ತಾಳೆ. ಪಂಕ್ತಿಯಲ್ಲಿ ಎಲ್ಲರ ಜೊತೆ ಕೂರುವುದು ಮುಖ್ಯ, ಮಗುವನ್ನು ಒಳಗೆ ಬೇರೆ ಕೂರಿಸಬೇಡಿ.

ಮೊದಲ ಕೆಲವು ತಿಂಗಳು

ಗೋಧಿ ಬಿಟ್ಟ ತಕ್ಷಣ ಹಾಲು ಕುಡಿದರೆ ಹೊಟ್ಟೆ ಉಬ್ಬರ ಬರಬಹುದು. ಹಾಲಿನ ಸಕ್ಕರೆ ಜೀರ್ಣಿಸುವ ಕಿಣ್ವ ಇರುವುದು ಆ ಎಳೆಗಳ ತುದಿಯಲ್ಲೇ, ಎಳೆ ಸವೆದಾಗ ಅದೂ ಕಡಿಮೆ ಆಗಿರುತ್ತದೆ. ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಕರುಳು ಕೂಡಿದ ಮೇಲೆ ಹಾಲು ಮತ್ತೆ ಶುರು ಮಾಡಬಹುದು, ನಮ್ಮಲ್ಲಿ ಹಾಗೇ ಆಯಿತು. ಹೊಟ್ಟೆಯ ತೊಂದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಒಳಗಿನ ಗಾಯ ಮಾಯಲು ತಿಂಗಳುಗಟ್ಟಲೆ, ದೊಡ್ಡವರಿಗೆ ವರ್ಷಗಳೇ ಬೇಕು. ಆರಾಮ ಅನಿಸಿದ ತಕ್ಷಣ ಒಂದು ಪರೋಟ ತಿಂದು ನೋಡುವ ಆಸೆ ಬರುವುದು ಈ ಹೊತ್ತಿನಲ್ಲೇ. ದಯವಿಟ್ಟು ಬೇಡ. ಕೆಲವರಿಗೆ ತಿಂದರೂ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಕರುಳು ಮತ್ತೆ ಸವೆಯುತ್ತಿರುತ್ತದೆ.

ರಾಗಿ ವಾರಕ್ಕೆ ನಾಲ್ಕೈದು ದಿನವಾದರೂ ಇರಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಸೊಪ್ಪು ಬೇಳೆಗೆ ನಿಂಬೆಹಣ್ಣು ಹಿಂಡಿ, ಕಬ್ಬಿಣಾಂಶ ಚೆನ್ನಾಗಿ ಹೀರುತ್ತದೆ. ಊಟದ ಜೊತೆ ಚಹಾ ಬೇಡ, ಅದು ಹೀರುವುದನ್ನು ತಡೆಯುತ್ತದೆ. ಬರೀ ಬಿಳಿ ಅನ್ನದ ಮೇಲೆ ನಿಂತರೆ ನಾರಿನಂಶ ಕಡಿಮೆಯಾಗಿ ಮಲಬದ್ಧತೆ ಆಗುತ್ತದೆ, ಕಾಳು, ಜೋಳ, ಸೊಪ್ಪು ಸೇರಿಸಿ. ಡಾಕ್ಟರು ಹೇಳಿದಾಗ ಟಿಟಿಜಿ, ಹಿಮೋಗ್ಲೋಬಿನ್, ವಿಟಮಿನ್ ಡಿ, ಬಿ12, ಥೈರಾಯ್ಡ್ ನೋಡಿಸಿ. ದೊಡ್ಡವರಾದರೆ ಮೂಳೆಯ ಸಾಂದ್ರತೆಯೂ. ಟಿಟಿಜಿ ಇಳಿಯುತ್ತ ಹೋದರೆ ದಾರಿ ಸರಿಯಿದೆ. ನಿಂತಲ್ಲೇ ನಿಂತಿದ್ದರೆ ಎಲ್ಲೋ ಗೋಧಿ ಸೇರುತ್ತಿದೆ, ಡಬ್ಬಿಗಳನ್ನು ಮತ್ತೆ ಒಂದೊಂದಾಗಿ ತೆಗೆದು ನೋಡಬೇಕು.

ಹಾಸ್ಟೆಲ್ಲಿಗೆ ಹೋಗುವ ಮಕ್ಕಳಿಗೆ

ಈಗ ಮಗಳು ಹಾಸ್ಟೆಲಿನಲ್ಲಿದ್ದಾಳೆ. ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಹುರಿಗಡಲೆ, ಅವಲಕ್ಕಿ ಚೂಡಾ, ರಾಗಿ ಹುರಿಹಿಟ್ಟು ಕಳಿಸುತ್ತೇನೆ. ಒಂದು ಎಲೆಕ್ಟ್ರಿಕ್ ಕುಕ್ಕರ್ ಇಟ್ಟುಕೊಳ್ಳಲು ವಾರ್ಡನ್ ಹತ್ತಿರ ಡಾಕ್ಟರ ಪತ್ರ ತೋರಿಸಿ ಒಪ್ಪಿಗೆ ಪಡೆದಿದ್ದೇವೆ. ಮೆಸ್ಸಿನ ಅಡುಗೆಯವರ ಹತ್ತಿರ ನಾನೇ ಹೋಗಿ ಕೂತು ಮಾತಾಡಿದೆ. ಬೇಳೆ ಬೆಂದ ಮೇಲೆ, ಪುಡಿ ಒಗ್ಗರಣೆ ಬೀಳುವ ಮೊದಲು ಒಂದು ಬಟ್ಟಲು ತೆಗೆದಿಡಿ ಅಂತ ಕೇಳಿದೆ. ಅಷ್ಟೇನಾ ಅಂದರು, ಅಂದಿನಿಂದ ತಪ್ಪದೆ ತೆಗೆದಿಡುತ್ತಾರೆ. ಅವರ ಅಡುಗೆಮನೆ ಗೋಡೆಗೆ ಅಂಟಿಸಿದ ಚೀಟಿ ಇದು. ಹೆಸರು ಸೇರಿಸಿ ಬೇಕಾದವರು ಹಾಗೇ ಬರೆದುಕೊಳ್ಳಿ:

"ಈ ಹುಡುಗಿಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಮೈದಾ, ರವೆ, ಬಾರ್ಲಿ ಒಂದು ಚಿಟಿಕೆ ಹೋದರೂ ಕರುಳಿಗೆ ಪೆಟ್ಟಾಗುತ್ತದೆ. ಇಂಗು, ಸೋಯಾ ಸಾಸ್, ಅಂಗಡಿಯ ಸಾಂಬಾರ್ ಪುಡಿ ಆಗುವುದಿಲ್ಲ. ಅನ್ನ, ಬೇಳೆ, ತರಕಾರಿ, ಮೊಸರು, ಮೊಟ್ಟೆ ಆಗುತ್ತದೆ. ಒಗ್ಗರಣೆಗೆ ಮೊದಲು ಇವಳ ಪಾಲು ತೆಗೆದಿಡಿ. ಚಪಾತಿ ಮುಟ್ಟಿದ ಕೈ ತೊಳೆದು ಬಡಿಸಿ. ಚಪಾತಿಯ ತವೆ, ಪೂರಿ ಕರಿದ ಎಣ್ಣೆ, ಉಪ್ಪಿಟ್ಟಿನ ಸೌಟು ಇವಳ ಊಟಕ್ಕೆ ಬೇಡ. ಅನುಮಾನ ಬಂದರೆ ಅನ್ನ ಮೊಸರು ಕೊಡಿ, ಸಾಕು."